ನಡೆದಾಡುವಷ್ಟು ಜಾಗ

ಮನೆ ಯಜಮಾನರ ಅಳಿಯ ಮಾತಾಡಲು ಬರುತ್ತಾನೆಂದು ತಿಳಿದ ದಿನವೇ ಹಲ್ಲಕ್ಕ ಒಂದು ಸುಳ್ಳನ್ನು ತಿದ್ದಿ ತೀಡಿ ಸಿದ್ಧಮಾಡಿಟ್ಟುಕೊಂಡಳು. ತಾವು ಬೇರೆ ಮನೆ ನೋಡಿಯಾಗಿದೆ, ಅಡ್ವಾನ್ಸ್ ಕೊಡುವುದೊಂದೇ ಬಾಕಿ ಎಂಬುದು ಆ ಸುಳ್ಳು. ಅದಕ್ಕೆ ಬೇಕಾದ ಕೈಕಾಲನ್ನೂ ಜೋಡಿಸಿದ್ದಳು. ಆ ಮನೆ ಎರಡು ಬೀದಿ ಆಚೆ ಇದೆ, ನೆಲ ಅಂತಸ್ತು, ಬೆಳಕು ಸ್ವಲ್ಪ ಕಡಿಮೆ, ಆದರೆ ಬಾಡಿಗೆ ಹಗುರ. ಬೆಳಕು ಕಡಿಮೆ ಎಂದು ಸೇರಿಸಿದ್ದು ಬೇಕೆಂದೇ. ಹಲ್ಲಿನ ಸೆಟ್ ಮಾಡುವಾಗಲೂ ಹಾಗೇ, ಎಲ್ಲ ಹಲ್ಲನ್ನೂ ಒಂದೇ ಸಮ ಕೂರಿಸಿದರೆ ನೋಡಿದವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಒಂದನ್ನಾದರೂ ಕೂದಲೆಳೆಯಷ್ಟು ಓರೆ ಕೂರಿಸಬೇಕು.

ಹಲ್ಲಕ್ಕ ಎಂಬುದು ಅವಳ ಹೆಸರಲ್ಲ. ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಮೇಣದಲ್ಲಿ ಒಸಡು ತಿದ್ದುವುದು, ಅದರಲ್ಲಿ ಒಂದೊಂದೇ ಹಲ್ಲು ನೆಡುವುದು. "ಈ ಬೀದಿಯ ಅರ್ಧ ಮುದುಕರು ನನ್ನ ಹಲ್ಲಲ್ಲೇ ನಗ್ತಾರೆ" ಎಂದು ಅವಳು ಯಾವತ್ತೋ ಮೆಟ್ಟಿಲ ಮೇಲೆ ನಿಂತು ಹೇಳಿದ್ದಕ್ಕೆ ಕಟ್ಟಡದವರು ಆ ಹೆಸರು ಕಟ್ಟಿದ್ದರು. ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಲಿಫ್ಟ್‌ಗಳನ್ನೆಲ್ಲ ಮೇಲೆ ಕೆಳಗೆ ಓಡಿಸುವವನು ಮಾತಿಗೆ ನಿಂತರೆ ಮಾತ್ರ ಎರಡು ಮಹಡಿಗಳ ನಡುವೆ ಸಿಕ್ಕಿಕೊಳ್ಳುತ್ತಾನೆ ಎಂದು ಅವಳು ಛೇಡಿಸುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಮೂರನೇ ಮಹಡಿಯ ಈ ಮನೆಗೆ ಬಂದವರು ಮತ್ತೆ ಕದಲಿರಲಿಲ್ಲ. ಎರಡು ಕೋಣೆ, ಒಂದು ಹಾಲ್, ಅಡುಗೆಮನೆ, ಒಬ್ಬರು ನಿಂತರೆ ತುಂಬಿಹೋಗುವ ಬಾಲ್ಕನಿ. ವರ್ಷಕ್ಕೊಮ್ಮೆ ಕರಾರು ಹೊಸದಾಗಿ ಬರೆಯುವ ಹೊತ್ತಿಗೆ ಹಳೆಯ ಯಜಮಾನರು ಬಾಗಿಲಲ್ಲೇ ನಿಂತು, "ಏನಮ್ಮಾ, ಈ ಸಲ ಸ್ವಲ್ಪ ಸೇರಿಸ್ತೀಯೋ ಇಲ್ವೋ?" ಎನ್ನುತ್ತಿದ್ದರು. ಅವಳು ಸ್ವಲ್ಪ ಸೇರಿಸುತ್ತಿದ್ದಳು. ಕಟ್ಟಡದ ಲಿಫ್ಟ್ ಕೆಟ್ಟರೆ ಗಂಡ ಹೋಗಿ ಸರಿಮಾಡಿ ಬರುತ್ತಿದ್ದ, ಅದಕ್ಕೆ ಬಿಲ್ ಇಲ್ಲ. ಎಲ್ಲ ಬಾಯಿಮಾತಿನಲ್ಲೇ ನಡೆದುಕೊಂಡು ಹೋಗುತ್ತಿತ್ತು. ಅವರು ತೀರಿಕೊಂಡ ಮೇಲೆ ಕಟ್ಟಡ ಮಗಳ ಹೆಸರಿಗೆ ಬಂತು, ವ್ಯವಹಾರ ಅವಳ ಗಂಡನ ಕೈಗೆ ಹೋಯಿತು. ಅವನನ್ನು ಎಲ್ಲರೂ ಅಳಿಯ ಎಂದೇ ಕರೆಯುತ್ತಿದ್ದರು. ಅಳಿಯ ಮೊದಲು ಮಾಡಿದ ಕೆಲಸವೆಂದರೆ ಲಿಫ್ಟಿಗೆ ಒಂದು ಕಂಪನಿಯನ್ನು ಗೊತ್ತುಮಾಡಿದ್ದು. ಎರಡನೆಯದು, ಕರಾರು ಮುಗಿಯುವ ಮುಂಚೆ ಫೋನ್ ಮಾಡಿ, ಬಾಡಿಗೆ ಮೂರರಲ್ಲಿ ಒಂದು ಪಾಲು ಏರುತ್ತದೆ ಎಂದದ್ದು.

ಹೋಗಲಿ ಎಂದು ಸಾಮಾನು ಕಟ್ಟಿಕೊಂಡು ಹೊರಡುವ ಹಾಗಿರಲಿಲ್ಲ. ಅದಕ್ಕೆ ಕಾರಣ ಅತ್ತೆ.

ಅತ್ತೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿ ನಿವೃತ್ತರಾದವರು. ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ ಅವರಿಗೆ. ದೃಷ್ಟಿ ಒಂದೇ ಸಲ ಹೋಗಲಿಲ್ಲ, ಅಂಚಿನಿಂದ ಒಳಕ್ಕೆ ಕುಗ್ಗುತ್ತ ವರ್ಷಗಟ್ಟಲೆ ತೆಗೆದುಕೊಂಡಿತು. ಅಷ್ಟರಲ್ಲಿ ಅವರು ಈ ಮನೆಯನ್ನು ಬಾಯಿಪಾಠ ಮಾಡಿಕೊಂಡರು. ಹಿಂದಿನ ಕೋಣೆಯ ಮಂಚದಿಂದ ಎದ್ದರೆ ಬಲಗೈಗೆ ಬಾಗಿಲ ಚೌಕಟ್ಟು, ಆಮೇಲೆ ಹಾಲ್‌ನ ಬರಿಗೋಡೆ, ಗೋಡೆ ಮುಗಿದಲ್ಲಿ ಸೋಫಾದ ಬೆನ್ನು, ಸೋಫಾ ಮುಗಿದಲ್ಲಿ ಅಡುಗೆಮನೆಯ ತಣ್ಣನೆಯ ನೆಲ. ಕೊನೆಗೆ ಬೆಳಕು ಪೂರ್ತಿ ಆರಿಹೋದಾಗ ಅವರಿಗೆ ಗೋಡೆ ಮುಟ್ಟುವ ಅಗತ್ಯವೂ ಇರಲಿಲ್ಲ. ಕಾಫಿ ಮಾಡುತ್ತಿದ್ದರು, ಬಟ್ಟೆ ಮಡಚುತ್ತಿದ್ದರು, ಬಾಲ್ಕನಿಯ ಕುಂಡಗಳಿಗೆ ನೀರು ಹಾಕುತ್ತಿದ್ದರು. ಹೊಸಬರು ಯಾರಾದರೂ ಮನೆಗೆ ಬಂದರೆ ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ಅರ್ಧ ಗಂಟೆಯಾದರೂ ತಿಳಿಯುತ್ತಿರಲಿಲ್ಲ. ಆದರೆ ಬೀದಿಗೆ ಇಳಿದರೆ ಹಲ್ಲಕ್ಕನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಮಗುವಿನಂತಾಗಿಬಿಡುತ್ತಿದ್ದರು.

"ಅಳಿಯನ ಮುಂದೆ ನೀವು ಬಾಯಿ ತೆಗೀಬೇಡಿ" ಎಂದು ಹಲ್ಲಕ್ಕ ಗಂಡನಿಗೆ ಹೇಳಿದ್ದಳು. "ಮನೆ ನೋಡಿದ್ದು ನಿಜಾನಾ ಅಂದ್ರೆ ತಲೆ ಆಡಿಸಿ ಸಾಕು."

"ಅಮ್ಮನಿಗೆ ಹೇಳೋದು ಬೇಡ್ವಾ?"

"ಯಾಕೆ ಸುಮ್ನೆ? ಬಾಡಿಗೆ ವಿಷಯ ಕಿವಿಗೆ ಬಿದ್ರೆ ಊಟ ಬಿಡ್ತಾರೆ. ಒಳಗೆ ಇರ್ತಾರೆ, ಇರ್ಲಿ."

ಅಳಿಯ ಭಾನುವಾರ ಬೆಳಿಗ್ಗೆ ಬಂದ. ನಲವತ್ತರ ಆಸುಪಾಸಿನ, ಮೃದುಮಾತಿನ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ತನ್ನ ಬ್ಯಾಗನ್ನು ಸೋಫಾದ ಪಕ್ಕ ನೆಲದ ಮೇಲಿಟ್ಟು ಕುಳಿತ.

"ನೋಡಿ ಮೇಡಂ, ನಿಮ್ಮಂಥೋರು ಸಿಗೋದು ಕಷ್ಟ ಅಂತ ನಂಗೂ ಗೊತ್ತು. ಆದ್ರೆ ಅಕ್ಕಪಕ್ಕದ ರೇಟ್ ನೋಡಿ. ಮಾವನವರು ಮುಲಾಜಿಗೆ ಬಿದ್ದು ಏರಿಸ್ಲೇ ಇಲ್ಲ. ನಾನೇನು ಹಳೇ ಬಾಕಿಯೆಲ್ಲ ಕೇಳ್ತಿಲ್ವಲ್ಲ."

"ಒಂದೇ ಸಲ ಇಷ್ಟು ಅಂದ್ರೆ ನಮ್ಮ ಕೈಲಿ ಆಗಲ್ಲ ಸಾರ್. ನಮಗೂ ಈ ಮನೆ ಬಿಡೋಕೆ ಬೇಜಾರೇ. ಆದ್ರೆ ಎರಡು ಬೀದಿ ಆಚೆ ಒಂದು ಮನೆ ನೋಡಿದೀವಿ. ನೆಲ ಅಂತಸ್ತು. ಬೆಳಕು ಸ್ವಲ್ಪ ಕಮ್ಮಿ ಅನ್ನೋದು ಬಿಟ್ರೆ ಪರವಾಗಿಲ್ಲ. ಅಡ್ವಾನ್ಸ್ ಕೊಡೋಣ ಅಂತಿದೀವಿ."

ಅಳಿಯ ಗಂಡನ ಕಡೆ ನೋಡಿದ. ಗಂಡ ತಲೆ ಆಡಿಸಿದ. ಸ್ವಲ್ಪ ಜಾಸ್ತಿಯೇ ಆಡಿಸಿದ, ಆದರೆ ಸುಳ್ಳು ನಿಂತಿತು. ಎರಡನೇ ಮಹಡಿಯ ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿರುವುದು ಅವಳಿಗೆ ಗೊತ್ತಿತ್ತು. ಇನ್ನೊಂದು ಖಾಲಿಯಾದರೆ ಬಣ್ಣ ಹೊಡೆಸಬೇಕು, ಬ್ರೋಕರ್‌ಗೆ ಕೊಡಬೇಕು, ಕಾಯಬೇಕು. ಅಳಿಯ ಮೊಣಕಾಲು ಉಜ್ಜಿಕೊಂಡ.

"ಹಾಗೆಲ್ಲ ಆತುರ ಪಡ್ಬೇಡಿ. ಇಷ್ಟು ವರ್ಷ ಇದ್ದೋರು ನೀವು. ಅರ್ಧಕ್ಕೆ ಮಾಡ್ಕೊಳ್ಳೋಣ. ನಾನು ಹೇಳಿದ್ರಲ್ಲಿ ಅರ್ಧ ಏರಿಸಿ. ಮನೇಲಿ ನಾನು ಹೇಗೋ ಒಪ್ಪಿಸ್ತೀನಿ."

ಹಲ್ಲಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅರ್ಧ ಎಂದರೆ ಹೇಗೋ ತೂಗಿಸಬಹುದು. ಕೂಡಲೇ ಒಪ್ಪಿಕೊಂಡರೆ ಚೆನ್ನಾಗಿರುವುದಿಲ್ಲ ಎಂದು, "ಯೋಚನೆ ಮಾಡಿ..." ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು, ಕೈಯಲ್ಲಿ ಕಾಫಿಯ ತಟ್ಟೆ. ಯಾರೋ ಬಂದರೆಂದು ಕಾಫಿಗಿಟ್ಟಿದ್ದ ಅವರಿಗೆ ನಲ್ಲಿ, ಒಲೆಯ ಸದ್ದಿನಲ್ಲಿ ಹಾಲ್‌ನ ಮಾತು ತಿಳಿದಿರಲಿಲ್ಲ. ಮನೆಗೆ ಬಂದವರನ್ನು ಬಾಯಿ ಒಣಗಿಸಿ ಕಳಿಸುವುದು ಅವರ ಜಾಯಮಾನವಲ್ಲ. ತಟ್ಟೆ ಒಂದಿಷ್ಟೂ ಅಲುಗದ ಹಾಗೆ, ಸೋಫಾದ ಮೂಲೆ ಸಿಗುವ ಮೊದಲೇ ಸೊಂಟ ಓರೆ ಮಾಡಿಕೊಂಡು, ಎಂದಿನಂತೆ ನೇರವಾಗಿ ನಡೆದು ಬಂದರು. ಅಳಿಯ ಗೌರವದಿಂದ ಎದ್ದು ನಿಂತ. ಅವರ ಕಾಲು ನೆಲದ ಮೇಲಿದ್ದ ಬ್ಯಾಗಿಗೆ ಸಿಕ್ಕಿತು. ಗಾಜಿನ ಲೋಟಗಳು ಹಾರಿ ಒಡೆದವು. ಗಂಡ ಮುಂದಕ್ಕೆ ಜಿಗಿದು ತಾಯಿಯನ್ನು ಹಿಡಿದುಕೊಂಡ. ಕಾಫಿ ಅಳಿಯನ ಪ್ಯಾಂಟಿನ ಮೇಲೆ ಬಿತ್ತು.

"ಅಯ್ಯೋ, ನೋಡ್ಕೊಂಡು ಬರಬಾರ್ದಾ ಅಮ್ಮ" ಎಂದ ಅಳಿಯ, ಕೋಪದಿಂದಲ್ಲ.

ಅತ್ತೆ ನಕ್ಕುಬಿಟ್ಟರು. "ನೋಡೋದೆಲ್ಲಿ ಬಂತಪ್ಪ, ನಂಗೆ ಕಣ್ಣು ಹೋಗಿ ಎಷ್ಟೋ ಕಾಲ ಆಯ್ತು. ದಾರೀಲಿ ಏನಿಟ್ಟಿದ್ಯೋ ಮಾರಾಯ? ಸುಟ್ಟಿತಾ?"

"ಇಲ್ಲಮ್ಮ, ಇಲ್ಲ." ಅವನು ಅವರ ಮುಖವನ್ನೇ ನೋಡಿದ. "ಕಣ್ಣು ಕಾಣಲ್ವಾ? ಗೊತ್ತೇ ಆಗಲ್ವಲ್ಲ!"

ಅದು ಅತ್ತೆಗೆ ತುಂಬ ಇಷ್ಟದ ಮಾತು. ಯಾರು ಹಾಗೆಂದರೂ ಅವರ ಮುಖ ಅರಳುತ್ತಿತ್ತು. ಹಲ್ಲಕ್ಕ, "ಅತ್ತೆ, ನೀವು ಒಳಗೆ ಬನ್ನಿ, ಗಾಜಿದೆ" ಎಂದು ತೋಳು ಹಿಡಿದಳು. ಅವರು ಕೊಸರಿಕೊಂಡರು.

"ಈ ಮನೇಲಿ ನಂಗೆ ಕಣ್ಣು ಯಾಕಪ್ಪ? ಯಾವ ಮೊಳೆ ಎಲ್ಲಿದೆ ಹೇಳ್ತೀನಿ, ಕೇಳು. ಬೇರೆ ಕಡೆ ಬಿಟ್ರೆ ಒಂದು ಹೆಜ್ಜೆ ಇಡೋಕಾಗಲ್ಲ. ಇಲ್ಲಿ ಮಾತ್ರ ನಾನು ರಾಣಿ."

"ಹಾಗಿದ್ರೆ ಬೇರೆ ಮನೆಗೆ ಹೋದ್ರೆ ನಿಮಗೆ ಕಷ್ಟ ಅಲ್ವಾ ಅಮ್ಮ?"

"ಬೇರೆ ಮನೆ ಯಾಕೆ? ನನ್ನ ಹೆಣ ಇಲ್ಲಿಂದ್ಲೇ ಹೋಗ್ಬೇಕು ಅಂತ ಇವರಿಬ್ಬರಿಗೂ ಹೇಳಿಟ್ಟಿದೀನಿ. ಕೇಳು ಬೇಕಾದ್ರೆ."

ಗಂಡ ನೆಲ ನೋಡಿದ. ಅಳಿಯ ಹಲ್ಲಕ್ಕನ ಕಡೆ ನೋಡಿದ. ಗೆದ್ದವನ ನೋಟವಲ್ಲ ಅದು, ಬಚ್ಚಲಿನ ಬಾಗಿಲನ್ನು ಗೊತ್ತಿಲ್ಲದೆ ತೆರೆದವನ ನೋಟ. ಆಮೇಲೆ ಅವನೇ ಬಗ್ಗಿ ದೊಡ್ಡ ಗಾಜಿನ ಚೂರುಗಳನ್ನು ಆರಿಸಿಕೊಟ್ಟ. ಅತ್ತೆಯ ಕೈ ಹಿಡಿದು ಹುಷಾರು ಎಂದು ಹೇಳಿ, "ಮನೇಲಿ ಮಾತಾಡಿ ಫೋನ್ ಮಾಡ್ತೀನಿ" ಎಂದು ಹೊರಟ. ಅರ್ಧದ ಮಾತನ್ನು ಮತ್ತೆ ಎತ್ತಲಿಲ್ಲ.

ಫೋನ್ ಬಂದಾಗ ಹಲ್ಲಕ್ಕ ಲ್ಯಾಬಿನಲ್ಲಿದ್ದಳು, ಕೈಗೆಲ್ಲ ಮೇಣ. "ಮನೇಲಿ ಒಪ್ಪಲಿಲ್ಲ ಮೇಡಂ. ಮೊದಲು ಹೇಳಿದ್ದೇ ಫೈನಲ್. ಆದ್ರೆ ಅಮ್ಮನಿಗೆ ಅನುಕೂಲ ಆಗ್ಲಿ ಅಂತ ಬಚ್ಚಲಲ್ಲಿ ಒಂದು ಸ್ಟೀಲ್ ಹಿಡಿಕೆ ಹಾಕಿಸ್ಕೊಡ್ತೀನಿ. ಅದಕ್ಕೆ ನೀವೇನೂ ಕೊಡೋದು ಬೇಡ."

ಹಿಡಿಕೆ ಬಂತು. ಕೆಲಸದವನು ಗೋಡೆ ಕೊರೆದು, ತನಗೆ ಸರಿ ಕಂಡಲ್ಲಿ ಕೂರಿಸಿ ಹೋದ. ಅತ್ತೆ ವಾರವಿಡೀ ಅದಕ್ಕೆ ಮೊಣಕೈ ಬಡಿಸಿಕೊಂಡರು.

ಆ ವಾರ ಹಲ್ಲಕ್ಕ ಅತ್ತೆಯೊಡನೆ ಬೇಕಾದಷ್ಟೇ ಮಾತಾಡಿದಳು. ಕೋಪವನ್ನು ಎಲ್ಲಿ ಇಡಬೇಕೋ ತಿಳಿಯದೆ ಪಾತ್ರೆಗಳ ಮೇಲೆ, ಕಪಾಟಿನ ಬಾಗಿಲ ಮೇಲೆ ಇಟ್ಟಳು. ಹೇಳದೆ ಇದ್ದದ್ದು ತನ್ನದೇ ತಪ್ಪು ಎಂದು ಗೊತ್ತಿದ್ದುದರಿಂದ ಕೋಪ ಇನ್ನೂ ಹೆಚ್ಚಾಗುತ್ತಿತ್ತು. ಅತ್ತೆ ಹೋದ ಕಣ್ಣಿನ ಬದಲು ಕಿವಿಯಲ್ಲಿ ಬದುಕುವವರು. ಪಾತ್ರೆಯ ಸದ್ದನ್ನು ಅವರು ಮೊದಲ ದಿನವೇ ಓದಿದ್ದರು. ಕೊನೆಗೆ ಮಗನನ್ನು ಕೂರಿಸಿಕೊಂಡು ಎಲ್ಲ ಬಾಯಿಬಿಡಿಸಿದರು. ಸಂಜೆ ಸೊಸೆ ಬಂದಾಗ ಹಾಸಿಗೆಯ ಅಂಚಿನಲ್ಲಿ ಕಾಯುತ್ತ ಕೂತಿದ್ದರು.

"ಅವತ್ತು ನಾನು ಬಾಯಿ ಮುಚ್ಕೊಂಡಿದ್ರೆ ಅರ್ಧಕ್ಕೆ ಮುಗೀತಿತ್ತಂತೆ, ಹೌದೇನೇ?"

"ಹೋಗ್ಲಿ ಬಿಡಿ ಅತ್ತೆ. ಆಗಿದ್ದು ಆಯ್ತು."

"ಹೋಗ್ಲಿ ಅಂತ ನೀನು ಪಾತ್ರೆ ಕುಕ್ಕಿದ್ರೆ ನಂಗೆ ಗೊತ್ತಾಗಲ್ವಾ? ಒಂದು ಕೆಲಸ ಮಾಡು. ನಿಜವಾಗ್ಲೂ ಒಂದು ಮನೆ ನೋಡು. ನನ್ನನ್ನ ಕರ್ಕೊಂಡ್ಹೋಗು. ಈ ಮನೆ ಕಲಿತೋಳು ಇನ್ನೊಂದು ಮನೆ ಕಲೀಲಾರ್ದಷ್ಟು ದಡ್ಡಿಯೇನಲ್ಲ."

ಹಲ್ಲಕ್ಕ ಒಂದು ಮನೆ ಹುಡುಕಿದಳು. ಅವಳ ಸುಳ್ಳಿನ ಮನೆಯಷ್ಟು ಹತ್ತಿರ ಸಿಗಲಿಲ್ಲ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನೆಲ ಅಂತಸ್ತು, ಉದ್ದನೆಯ ಓಣಿಯ ಕೊನೆ, ಬಾಡಿಗೆ ತಮ್ಮ ಹಳೆಯ ಬಾಡಿಗೆಯಷ್ಟೇ. ಬ್ರೋಕರ್ ಬೀಗ ತೆಗೆದು ಹೊರಗೆ ಫೋನಿನಲ್ಲಿ ಮುಳುಗಿದ. ಹಲ್ಲಕ್ಕ ಅತ್ತೆಯ ಕೈ ಹಿಡಿದು ಒಂದು ಸುತ್ತು ತಿರುಗಿಸಿದಳು. ಇದು ಬಾಗಿಲು, ಇದು ಕಿಟಕಿ, ಇಲ್ಲಿ ಗೋಡೆಬೀರು, ಇದು ಬಚ್ಚಲು. ಅತ್ತೆ ಪ್ರತಿಯೊಂದನ್ನೂ ಮುಟ್ಟಿ ತಲೆ ಆಡಿಸಿದರು.

"ಈಗ ನೀನು ಹೊರಗೆ ಹೋಗು" ಎಂದರು. "ನೀನಿದ್ರೆ ನಿನ್ನ ಕೈಗೇ ಜೋತು ಬೀಳ್ತೀನಿ. ನಾನು ಕರೆಯೋವರೆಗೂ ಬರ್ಬೇಡ."

ಅವಳು ಹೊರಗೆ ಓಣಿಯಲ್ಲಿ ನಿಂತಳು. ಎದುರುಮನೆಯ ಬೆಕ್ಕೊಂದು ನೀರಿನ ಮೀಟರಿನ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಒಳಗಿನಿಂದ ಮೊದಲು ಹೆಜ್ಜೆ ಸದ್ದು ಕೇಳಿಸಿತು, ಆಮೇಲೆ ಅಂಗೈಯಿಂದ ಗೋಡೆ ತಟ್ಟುವ ಸದ್ದು. ಬಾಗಿಲೊಂದು ತೆರೆದು ಮುಚ್ಚಿತು. ಮತ್ತೆ ತೆರೆದು ಮುಚ್ಚಿತು. ಆಮೇಲೆ ಏನೂ ಕೇಳಿಸಲಿಲ್ಲ. ಕುಳಿತಿರಬೇಕು ಎಂದುಕೊಂಡಳು. ಬ್ರೋಕರ್ ಮಾತು ಮುಗಿಸಿ, "ಮೇಡಂ, ನಂಗೆ ಇನ್ನೊಂದು ಪಾರ್ಟಿ ಇದೆ" ಎಂದ. ಇನ್ನೂ ಸ್ವಲ್ಪ ಕಾದಳು. ಕರೆ ಬರಲಿಲ್ಲ. ತಡೆಯಲಾರದೆ ಒಳಗೆ ಹೋದಳು.

ಅತ್ತೆ ಹಿಂದಿನ ಕೋಣೆಯ ಮೂಲೆಯಲ್ಲಿದ್ದರು. ಗೋಡೆಬೀರುವಿನ ತೆರೆದ ಬಾಗಿಲಿಗೂ ಗೋಡೆಗೂ ನಡುವೆ ಮುಖ ಮಾಡಿ, ಎರಡು ಕೈಯನ್ನೂ ಗೋಡೆಗೆ ಊರಿ ನಿಂತಿದ್ದರು. ಕೋಣೆಯ ಬಾಗಿಲು ಅವರ ಬೆನ್ನ ಹಿಂದೆ ಪೂರ್ತಿ ತೆರೆದೇ ಇತ್ತು. ಕಾಲಡಿಯ ನೆಲ ಒದ್ದೆಯಾಗಿತ್ತು.

"ಅತ್ತೆ."

ಅವರು ತಿರುಗಲಿಲ್ಲ. "ಬಚ್ಚಲು ಇದೇ ಕಡೆ ಅಂದಿದ್ಯಲ್ಲ" ಎಂದರು. ದನಿ ಮಾಮೂಲಿನಂತೆಯೇ ಇತ್ತು.

"ಕರೀಬಾರ್ದಾಗಿತ್ತಾ?"

"ಕರೆಯೋಕೆ ಮನಸ್ಸು ಬರ್ಲಿಲ್ಲ ಕಣೇ."

ಹಲ್ಲಕ್ಕ ತನ್ನ ಶಾಲು ಬಿಚ್ಚಿ ಅವರ ಸೊಂಟಕ್ಕೆ ಸುತ್ತಿದಳು. ಬ್ರೋಕರ್ ಒಳಗೆ ಇಣುಕಿದಾಗ, "ನೀರಿನ ಬಾಟಲಿ ಬಿತ್ತು, ಒರೆಸ್ತೀನಿ, ನೀವು ಹೊರಗಿರಿ" ಎಂದಳು. ಅಲ್ಲೇ ಸಿಕ್ಕ ಹಳೆಯ ಬಟ್ಟೆಯಿಂದ ನೆಲ ಒರೆಸಿದಳು. ಮಂಡಿಯೂರಿ ಒರೆಸುತ್ತಿರುವಾಗ ವಾರದಿಂದ ಕಟ್ಟಿಕೊಂಡಿದ್ದ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಟ್ಯಾಕ್ಸಿಯಲ್ಲಿ ಅತ್ತೆ ಅವಳ ಕೈಯನ್ನು ಹಿಡಿದುಕೊಂಡೇ ಕೂತಿದ್ದರು. ಮನೆ ಹತ್ತಿರ ಬಂದಾಗ, "ಅವನಿಗೆ ಹೇಳ್ಬೇಡ" ಎಂದರು, ಅಷ್ಟೇ.

"ಮನೆ ಹೇಗಿತ್ತು?" ಎಂದು ಗಂಡ ಕೇಳಿದ.

"ಗಾಳಿ ಇಲ್ಲ" ಎಂದಳು ಹಲ್ಲಕ್ಕ. "ಬೇಡ. ಇಲ್ಲೇ ಸಹಿ ಹಾಕಿಬಿಡೋಣ."

ಅಳಿಯನದು ಟೈಲ್ಸ್ ಅಂಗಡಿ. ಸಹಿ ಹಾಕಲು ಅಲ್ಲಿಗೇ ಹೋದರು. ಸುತ್ತ ಹೊಳೆಯುವ ಮಾದರಿ ಬಚ್ಚಲುಗಳು, ನೀರಿಲ್ಲದ ನಲ್ಲಿಗಳು, ಯಾರೂ ಕೂರದ ಕಮೋಡುಗಳು. ಗಿರಾಕಿಗಳು ಒಬ್ಬರೂ ಇರಲಿಲ್ಲ. ಅಳಿಯ ಮೇಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಕಾಗದ ಇಟ್ಟ. "ತಪ್ಪು ತಿಳ್ಕೋಬೇಡಿ ಮೇಡಂ. ಈ ಅಂಗಡಿ ನಡೀತಿರೋದೇ ಆ ಬಾಡಿಗೆಯಿಂದ" ಎಂದ. ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಲಿಲ್ಲ. ಸುಳ್ಳಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಅವಳು ಸಹಿ ಹಾಕಿದಳು, ಗಂಡ ಸಹಿ ಹಾಕಿದ. ಬೀದಿಗೆ ಬಂದ ಮೇಲೆ ಗಂಡ, "ಒಂದು ರೂಮ್ ಕೊಟ್ಟುಬಿಡೋಣ" ಎಂದ. ಅವನೂ ಅದನ್ನೇ ಯೋಚಿಸುತ್ತ ಬಂದಿದ್ದನೆಂದು ಅವಳಿಗೆ ಆಗ ತಿಳಿಯಿತು.

ಹಾಗೆ ಮುಂದಿನ ಕೋಣೆಗೆ ಪೇಯಿಂಗ್ ಗೆಸ್ಟ್ ಬಂದಳು. ಮೂವತ್ತು ದಾಟಿದ ಹೆಂಗಸು, ಯಾವುದೋ ಕಂಪನಿಯಲ್ಲಿ ಹಗಲೆಲ್ಲ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ. ಒಳ್ಳೆಯವಳೇ. ಆದರೆ ಗಂಡ ಹೆಂಡತಿಯ ಕೋಣೆ ಅವಳಿಗೆ ಹೋದ ಮೇಲೆ ಆ ಕೋಣೆಯಲ್ಲಿದ್ದದ್ದೆಲ್ಲ ಹಾಲ್‌ಗೆ ಬಂತು. ದೊಡ್ಡ ಮಂಚ, ಬಟ್ಟೆಯ ಬೀರು, ಹೊಲಿಗೆ ಯಂತ್ರ, ಗಂಡನ ಉಪಕರಣಗಳ ಪೆಟ್ಟಿಗೆ. ಬರಿಗೋಡೆ ಇದ್ದಲ್ಲಿ ಬೀರು ನಿಂತಿತು. ಸೋಫಾ ಕಿಟಕಿಯ ಕಡೆಗೆ ಸರಿಯಿತು. ಸೋಫಾಕ್ಕೂ ಮಂಚಕ್ಕೂ ನಡುವೆ ಅಡ್ಡಡ್ಡಲಾಗಿ ಹೋಗಬೇಕಾದ ಒಂದು ಸಂದಿ ಉಳಿಯಿತು.

ಹಲ್ಲಕ್ಕ ಹೊಸ ದಾರಿಯನ್ನು ಅತ್ತೆಗೆ ಕೈ ಹಿಡಿದು ಕಲಿಸಿದಳು. ಅತ್ತೆ ಕಲಿಯಲು ನೋಡಿದರು. ಮೊದಲ ದಿನ ಮಂಚದ ಕಾಲಿಗೆ ಬೆರಳು ಜಜ್ಜಿಕೊಂಡರು. ಮಾರನೆಯ ದಿನ ಬೀರುವಿನ ಹಿಡಿಗೆ ಹಣೆ. ಪೇಯಿಂಗ್ ಗೆಸ್ಟ್ ಹಗಲೆಲ್ಲ ಮಾತಾಡಿ ಸಾಕಾಗಿ ಮನೆಗೆ ಬಂದರೆ ಬೆಕ್ಕಿನಂತೆ ಸದ್ದಿಲ್ಲದೆ ಓಡಾಡುತ್ತಿದ್ದಳು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಇಬ್ಬರೂ ಢಿಕ್ಕಿ ಹೊಡೆದುಕೊಂಡರು. ಅಲ್ಲಿಂದ ಮುಂದೆ ಅವಳು ಅತ್ತೆಯನ್ನು ಕಂಡಾಗಲೆಲ್ಲ, "ಅಜ್ಜಿ, ನಾನಿಲ್ಲಿದ್ದೀನಿ, ನಿಮ್ಮ ಎಡಗಡೆ. ಕಾದಿದ್ದಕ್ಕೆ ಧನ್ಯವಾದ" ಎಂದು ಕಂಪನಿಯ ದನಿಯಲ್ಲೇ ಹೇಳತೊಡಗಿದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆದರೆ ಆಮೇಲೆ ಅವರು ಅಡುಗೆಮನೆಗೆ ಬರುವುದು ಕಡಿಮೆಯಾಯಿತು.

"ಅತ್ತೆ, ಕಾಫಿ ಮಾಡಲ್ವಾ?"

"ನೀನೇ ಮಾಡಮ್ಮ, ಇವತ್ತು ಮಂಡಿ ನೋವು."

ಇವತ್ತು ಎನ್ನುವುದು ನಾಳೆಯೂ ಆಯಿತು. ಕುಂಡಗಳಿಗೆ ನೀರು ಹಾಕುವ ಕೆಲಸ ಗಂಡನಿಗೆ ಬಂತು, ಅವನು ಮರೆಯುತ್ತಿದ್ದ. ಬೇಸಿಗೆ ಬರುವಷ್ಟರಲ್ಲಿ ಅತ್ತೆ ಹಿಂದಿನ ಕೋಣೆಯಿಂದ ಪಕ್ಕದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ, ಇಷ್ಟೇ ಓಡಾಡುತ್ತಿದ್ದರು. ಊಟದ ತಟ್ಟೆ ಮಂಚಕ್ಕೇ ಹೋಗುತ್ತಿತ್ತು. ದೂರು ಮಾತ್ರ ಒಂದೂ ಇಲ್ಲ. ರೇಡಿಯೋ ಕೇಳುತ್ತಿದ್ದರು, ಇಲ್ಲವೇ ಸುಮ್ಮನೆ ಕೂತಿರುತ್ತಿದ್ದರು. ಹಲ್ಲಕ್ಕ ಕೆಲಸದಿಂದ ಬಂದು ಅವರ ಕೋಣೆಯ ಬಾಗಿಲಲ್ಲಿ ನಿಂತರೆ, ಆ ಅಪರಿಚಿತ ಮನೆಯ ಗೋಡೆಗೆ ಕೈಯೂರಿ ನಿಂತ ಬೆನ್ನು ನೆನಪಾಗುತ್ತಿತ್ತು. ಈ ಮನೆ ಉಳಿಸಿಕೊಂಡದ್ದು ಅವರು ನಡೆದಾಡಲಿ ಎಂದು. ಉಳಿಸಿಕೊಳ್ಳಲು ಮಾಡಿದ್ದೇ ಅವರ ಕಾಲು ಕಟ್ಟಿಹಾಕಿತು.

ವರ್ಷ ತುಂಬುತ್ತ ಬಂದಾಗ ಅಳಿಯನ ಫೋನ್ ಮತ್ತೆ ಬಂತು. ಈ ಸಲ ಏರಿಕೆ ಕಡಿಮೆ, ಆದರೆ ಏರಿಕೆಯೇ. ಹಲ್ಲಕ್ಕ ಗಂಡನಿಗೆ ಹೇಳಿದಳು, "ಬಿಟ್ಟುಬಿಡೋಣ ರೀ. ಇಲ್ಲಿ ಇನ್ನೇನು ಉಳಿದಿದೆ? ಅವರು ಮಂಚ ಬಿಟ್ಟು ಇಳಿಯಲ್ಲ. ಮಂಚ ಎಲ್ಲಿ ಹಾಕಿದ್ರೂ ಮಂಚವೇ."

ಹೇಳಿದ ಮೇಲೆ ಅವಳಿಗೇ ಅಸಹ್ಯವಾಯಿತು. ಗಂಡ, "ಅಮ್ಮನ್ನ ಕೇಳೋಣ" ಎಂದ.

ಕೇಳಿದರು. ಅತ್ತೆ ರೇಡಿಯೋ ಸಣ್ಣ ಮಾಡಿ, "ಹೋಗೋಣ ಅಂದ್ರೆ ಹೋಗೋಣಪ್ಪ. ನಂಗೆ ಎಲ್ಲಾ ಒಂದೇ" ಎಂದರು. ಮತ್ತೆ ರೇಡಿಯೋ ದೊಡ್ಡ ಮಾಡಿದರು. ಜಗಳವಾಡಿದ್ದರೆ, ನನ್ನ ಹೆಣ ಇಲ್ಲಿಂದಲೇ ಹೋಗಬೇಕು ಎಂದು ಕೂಗಿದ್ದರೆ ಹಲ್ಲಕ್ಕನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಆದರೂ ಮನೆ ಹುಡುಕಲು ಹೊರಟರು. ಆಗ ತಿಳಿಯಿತು, ಒಂದು ವರ್ಷದಲ್ಲಿ ಊರೇ ಅವರಿಗಿಂತ ಮುಂದೆ ಓಡಿತ್ತು. ಓಣಿಯ ಕೊನೆಯ ಆ ಮನೆಗೆ ಯಾರೋ ಬಂದಿದ್ದರು, ಈಗ ಅವರು ಕೊಡುವ ಬಾಡಿಗೆ ಹಲ್ಲಕ್ಕನ ಮನೆಯ ಬಾಡಿಗೆಯಷ್ಟೇ. ಅದಕ್ಕಿಂತ ಅಗ್ಗದವು ಇದ್ದವು, ಒಂದರಲ್ಲಿ ಕಿಟಕಿಯೇ ಇಲ್ಲ, ಇನ್ನೊಂದಕ್ಕೆ ಲಿಫ್ಟ್ ಇಲ್ಲದ ಐದನೇ ಮಹಡಿ. ಗಂಡ ಆ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ನೋಡಿ ವಾಪಸ್ಸು ನಡೆದ. ಎಲ್ಲ ಮನೆಗೂ ಹೊಸ ಅಡ್ವಾನ್ಸ್, ಸಾಗಣೆ, ಬ್ರೋಕರ್. ಕೂಡಿ ಕಳೆದು ನೋಡಿದರೆ ಹೋಗುವುದೂ ಒಂದೇ, ಇರುವುದೂ ಒಂದೇ. ಕೊನೆಗೆ ಹಲ್ಲಕ್ಕ ಒಬ್ಬಳೇ ಟೈಲ್ಸ್ ಅಂಗಡಿಗೆ ಹೋದಳು. ಅಳಿಯ, "ಅಮ್ಮ ಹೇಗಿದ್ದಾರೆ?" ಎಂದು ಕೇಳಿದ. "ಇದ್ದಾರೆ" ಎಂದಳು. ಸಹಿ ಹಾಕಿ ಬಂದಳು.

ಮನೆಗೆ ಬಂದು ಚಪ್ಪಲಿ ಬಿಟ್ಟವಳು ಹಾಲ್‌ನ ಬಾಗಿಲಲ್ಲೇ ನಿಂತುಬಿಟ್ಟಳು. ಮಂಚ, ಬೀರು, ಯಂತ್ರ, ಪೆಟ್ಟಿಗೆ. ತಾನೂ ಆ ಸಂದಿಯಲ್ಲಿ ಓರೆಯಾಗಿಯೇ ವರ್ಷ ಕಳೆದಿದ್ದಾಳೆ. ಪೇಯಿಂಗ್ ಗೆಸ್ಟ್ ಇಲ್ಲದೆ ಬಾಡಿಗೆ ಹೊಂದುವುದಿಲ್ಲ, ಅವಳನ್ನು ಕಳಿಸುವ ಮಾತೇ ಇಲ್ಲ. ಹಾಗಾದರೆ ಇನ್ನು ಹೊರಗೆ ಹೋಗಬೇಕಾದವರು ಯಾರು?

"ಈ ಬೀರು ಮಾರಿಬಿಡೋಣ" ಎಂದಳು.

"ಬಟ್ಟೆ ಎಲ್ಲಿಡ್ತೀಯ?"

"ಅತ್ತೆ ಮಂಚದ ಕೆಳಗೆ, ಪೆಟ್ಟಿಗೇಲಿ. ಮಂಚನೂ ಹೋಗ್ಲಿ."

"ನಮ್ಮ ಮಂಚ?"

"ನೆಲ ಏನಾಗಿದೆ?"

ಗಂಡ ಅವಳ ಮುಖ ನೋಡಿದ. ಈ ಸಲ ಮಧ್ಯದಲ್ಲಿ ಸಿಕ್ಕಿಕೊಳ್ಳಲಿಲ್ಲ. "ಸೋಫಾನ ಹಳೇ ಜಾಗಕ್ಕೇ ತರ್ಬೇಕು. ಹಳೇ ಗುರುತು ನೆಲದ ಮೇಲೆ ಇನ್ನೂ ಇದೆ" ಎಂದ. ಉಪಕರಣಗಳ ಪೆಟ್ಟಿಗೆಯನ್ನು ತನ್ನ ಕೆಲಸದ ಗೋದಾಮಿಗೆ ಸಾಗಿಸಿದ. ಹೊಲಿಗೆ ಯಂತ್ರವನ್ನು ಮೊದಲ ಮಹಡಿಯವರು ಕೊಂಡರು. ಮದುವೆಗೆಂದು ಮಾಡಿಸಿದ್ದ ಮಂಚ ಮೆಟ್ಟಿಲಲ್ಲಿ ತಿರುಗಲಿಲ್ಲ, ಬಿಚ್ಚಿ ತುಂಡು ತುಂಡಾಗಿ ಇಳಿಸಬೇಕಾಯಿತು. ಗುಜರಿಯವನು ಅದರ ಕಾಲುಗಳನ್ನು ಗಾಡಿಗೆ ಎಸೆದ ಸದ್ದಿಗೆ ಹಲ್ಲಕ್ಕ ಬಾಲ್ಕನಿಯಿಂದ ಒಳಗೆ ಬಂದುಬಿಟ್ಟಳು. ರಾತ್ರಿ ಹಾಸಿಕೊಳ್ಳಲು ಎರಡು ಹಾಸಿಗೆ ಉಳಿದವು, ಬೆಳಿಗ್ಗೆ ಸುತ್ತಿ ಬಾಲ್ಕನಿಯಲ್ಲಿ ನಿಲ್ಲಿಸುವುದು.

ಅತ್ತೆಗೆ ಏನೂ ಹೇಳಲಿಲ್ಲ. ಸಾಮಾನು ಎಳೆದಾಡುವ ಸದ್ದು ಅವರು ಕೇಳಿಸಿಕೊಂಡೇ ಇದ್ದರು, ಆದರೆ ಕೇಳಲಿಲ್ಲ. ಕೆಲವು ದಿನ ಮಂಚದಲ್ಲೇ ಇದ್ದರು.

ಒಂದು ಬೆಳಿಗ್ಗೆ ಹಲ್ಲಕ್ಕ ಹಾಸಿಗೆ ಸುತ್ತುತ್ತಿದ್ದಳು. ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಪೇಯಿಂಗ್ ಗೆಸ್ಟ್ ಕೆಲಸಕ್ಕೆ ಹೊರಟು ಚೀಲ ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ಬರುತ್ತಿದ್ದಳು. ಹಿಂದಿನ ಕೋಣೆಯ ಚೌಕಟ್ಟಿನಲ್ಲಿ ಅತ್ತೆ ಕಾಣಿಸಿಕೊಂಡರು. ಬಲಗೈ ಚಾಚಿ ಗೋಡೆ ಮುಟ್ಟಿದರು. ಬೀರು ಇದ್ದ ಜಾಗಕ್ಕೆ ಬಂದಾಗ ಬೆರಳು ಒಂದು ಕ್ಷಣ ಗಾಳಿಯಲ್ಲಿ ಅನುಮಾನಿಸಿ, ಮತ್ತೆ ಗೋಡೆಗೆ ಹತ್ತಿಕೊಂಡಿತು. ವರ್ಷವಿಡೀ ಕೂತ ಕಾಲು, ಹೆಜ್ಜೆ ಭದ್ರವಾಗಿರಲಿಲ್ಲ.

ಗಂಡ ಹಿಡಿಯಲು ಮುಂದೆ ಹೋದ. ಹಲ್ಲಕ್ಕ ಅವನ ತೋಳು ಹಿಡಿದು ಹಿಂದಕ್ಕೆಳೆದಳು. ಪೇಯಿಂಗ್ ಗೆಸ್ಟ್ ಏನೋ ಹೇಳಲು ಬಾಯಿ ತೆರೆದಳು, ಹಲ್ಲಕ್ಕ ಕಣ್ಣಲ್ಲೇ ಬೇಡ ಎಂದಳು. ಮೂವರೂ ಎದುರುಗೋಡೆಗೆ ಬೆನ್ನು ಅಂಟಿಸಿಕೊಂಡು ಸಾಲಾಗಿ ನಿಂತರು, ಒಬ್ಬಳ ಕೈಯಲ್ಲಿ ಅರ್ಧ ಸುತ್ತಿದ ಹಾಸಿಗೆ, ಇನ್ನೊಬ್ಬಳ ಹೆಗಲಲ್ಲಿ ಚೀಲ. ಉಸಿರು ಬಿಡುವುದಕ್ಕೂ ಹಿಂಜರಿದರು. ಅತ್ತೆ ಅವರ ಮುಂದೆಯೇ ನಿಧಾನವಾಗಿ ಹಾದು ಹೋದರು. ಸೋಫಾದ ಬೆನ್ನು ಸಿಕ್ಕಿದಾಗ ಅದನ್ನು ಒಮ್ಮೆ ತಟ್ಟಿದರು. ಅಡುಗೆಮನೆಯ ನೆಲ ಕಾಲಿಗೆ ತಾಕಿದ ಮೇಲೆ ಅವರು ಪಾತ್ರೆಗೆ ಕೈ ಹಾಕಿದ್ದು, ನಲ್ಲಿ ತಿರುಗಿಸಿದ್ದು ಕೇಳಿಸಿತು.